ಹೂಜಿಯಿಂದ ಆರಂಭವಾಗುವ ಪಾಠ

ನಮ್ಮ ಭೌತವಿಜ್ಞಾನದ ತರಗತಿಗಳಲ್ಲಿ ಗುಪ್ತೋಷ್ಣದ ಪಾಠವು ಸಾಮಾನ್ಯವಾಗಿ ಅದರ ವ್ಯಾಖ್ಯೆಯಿಂದಲೇ ಪ್ರಾರಂಭವಾಗುತ್ತದೆ. ವಿದ್ಯಾರ್ಥಿಯು ಅದನ್ನು ಬರೆದುಕೊಂಡು, ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಒಪ್ಪಿಸಿ ಮರೆಯುತ್ತಾನೆ. ತಾನು ಎಂದೂ ಕೇಳದಿದ್ದ ಪ್ರಶ್ನೆಗೆ ದೊರೆತ ಉತ್ತರವು ಯಾರ ಮನಸ್ಸಿನಲ್ಲಿ ತಾನೇ ನಿಂತೀತು?

ಪಾಠದ ಯೋಜನೆಯನ್ನು ಪ್ರಶ್ನೆಯೊಂದರಿಂದ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ. ಆದರೆ ಎಲ್ಲ ಪ್ರಶ್ನೆಗಳೂ ಈ ಕಾರ್ಯಕ್ಕೆ ಒದಗುವುದಿಲ್ಲ. “ಗುಪ್ತೋಷ್ಣವೆಂದರೇನು?” ಎಂಬುದಕ್ಕೆ ಒಂದು ವಾಕ್ಯ ಸಾಕು, “ಉಷ್ಣವೆಂದರೇನು?” ಎಂಬುದಕ್ಕೆ ಒಂದು ವರ್ಷವೂ ಸಾಲದು. ಇದರ ಬದಲು ಹೀಗೆ ಕೇಳಿ ನೋಡೋಣ: ರಾಯಚೂರಿನ ಬೇಸಗೆಯಲ್ಲಿ ನೀರನ್ನು ಅಷ್ಟೊಂದು ತಂಪು ಮಾಡುವ ಮಣ್ಣಿನ ಹೂಜಿಯು ಮಂಗಳೂರಿನಲ್ಲಿ ಏಕೆ ಸೋಲುತ್ತದೆ?

ಹೂಜಿಯ ಸೂಕ್ಷ್ಮರಂಧ್ರಗಳಿಂದ ಜಿನುಗಿದ ನೀರು ಆವಿಯಾಗುತ್ತದೆ. ಸಾಧಾರಣ ಉಷ್ಣತೆಯಲ್ಲಿ 1 ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಉಷ್ಣ ಬೇಕು. ಒಂದು ಲೀಟರಿನಲ್ಲಿ 10 ಗ್ರಾಂ ಆವಿಯಾದರೆ, ಹೊರಗಿನ ಉಷ್ಣವು ಒಳಬಾರದಿದ್ದಲ್ಲಿ, ಉಳಿದ ನೀರಿನ ಉಷ್ಣತೆ ಸುಮಾರು 6 ಡಿಗ್ರಿ ಸೆಂಟಿಗ್ರೇಡ್ ಇಳಿಯಬೇಕು. ಹಾಗಾದರೆ 100 ಗ್ರಾಂ ಹೋಗುವಷ್ಟರಲ್ಲಿ ನೀರು ಹೆಪ್ಪುಗಟ್ಟಬೇಡವೆ? ಈ ಸಂದೇಹವನ್ನೆತ್ತುವ ವಿದ್ಯಾರ್ಥಿಯು ಪಾಠದ ಅರ್ಧವನ್ನು ತಾನೇ ನಡೆಸಿಕೊಟ್ಟಂತೆ! ನೀರು ತಣಿದಂತೆಲ್ಲ ಸುತ್ತಲಿನ ಗಾಳಿಯಿಂದ ಉಷ್ಣವು ಒಳಗೆ ಹರಿಯುತ್ತದೆ. ಆವಿಯಾಗುವ ವೇಗವೂ ಕುಗ್ಗುತ್ತದೆ. ಒಂದು ಹಂತದಲ್ಲಿ ಬರುವ ಉಷ್ಣವೂ ಹೋಗುವ ಉಷ್ಣವೂ ಸರಿತೂಗಿ ಇಳಿತ ನಿಲ್ಲುತ್ತದೆ. ಕಡಲತೀರದ ಗಾಳಿಯಲ್ಲಿ ನೀರಾವಿ ಮೊದಲೇ ಹೆಚ್ಚಾಗಿರುವುದರಿಂದ ಆ ನಿಲುಗಡೆಯು ಬೇಗನೆ ಬರುತ್ತದೆ. ಎರಡು ಉಷ್ಣತಾಮಾಪಕಗಳು, ಒಂದರ ಬುರುಡೆಗೆ ಸುತ್ತಿದ ಒದ್ದೆಬಟ್ಟೆ, ಇಷ್ಟಿದ್ದರೆ ಇದರ ತತ್ತ್ವವನ್ನು ತರಗತಿಯಲ್ಲಿಯೇ ಅಳೆದು ನೋಡಬಹುದು. ವ್ಯಾಖ್ಯೆಯು ಇದಾದ ಮೇಲೆ ಬರಲಿ.

ಗುಪ್ತೋಷ್ಣದ ಕಲ್ಪನೆಯಾದರೂ ಹಾಗೆಯೇ ಬಂದಿತು. ಬೆಚ್ಚಗಿನ ದಿನ ಬಂದೊಡನೆ ಹಿಮವೆಲ್ಲ ಒಮ್ಮೆಲೇ ಕರಗಿ ಪ್ರವಾಹವಾಗುವುದಿಲ್ಲವೇಕೆಂದು ಹದಿನೆಂಟನೆಯ ಶತಮಾನದಲ್ಲಿ ಜೋಸೆಫ್ ಬ್ಲ್ಯಾಕ್ ಯೋಚಿಸಿದನು.

ಹೀಗೆ ನಡೆದರೆ ಪಠ್ಯಕ್ರಮ ಮುಗಿಯುವುದೆಂತು ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಒಂದೆರಡು ಗಂಟೆ ಹೆಚ್ಚು ಹಿಡಿಯುವುದು ನಿಜ. ಯಾವ ತಿರುವಿನಲ್ಲಿ ಯಾವ ಪ್ರಯೋಗ, ಎಲ್ಲಿ ಲೆಕ್ಕ ಎಂಬುದನ್ನು ಉಪಾಧ್ಯಾಯನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಇಲ್ಲವಾದರೆ ಚರ್ಚೆಯು ಹರಟೆಯಾದೀತು. ಆದರೆ ನಮ್ಮನ್ನು ತಡೆಯುವುದು ಕಾಲದ ಅಭಾವಕ್ಕಿಂತ ಹೆಚ್ಚಾಗಿ, ತನಗೆ ಉತ್ತರ ತಿಳಿಯದ ಪ್ರಶ್ನೆ ಎದ್ದೀತೆಂಬ ಉಪಾಧ್ಯಾಯನ ಅಳುಕು ಎಂದು ನನಗೆ ತೋರುತ್ತದೆ.

ವಿದ್ಯಾರ್ಥಿಮಿತ್ರರೇ, ನಾಳಿನ ಪಾಠವೂ ವ್ಯಾಖ್ಯೆಯಿಂದಲೇ ಆರಂಭವಾದರೆ, ಮನೆಯ ಹಿತ್ತಾಳೆಯ ಕೊಡದಲ್ಲಿ ನೀರು ಏಕೆ ಹಾಗೆ ತಣಿಯದೆಂದು ವಿನಯದಿಂದ ಕೇಳಿರಿ.