ತೊಗರಿ ಹೊಲಕ್ಕೂ ಅಂಗನವಾಡಿಗೂ ವರದಿಗಾರರನ್ನು ಕಳಿಸಿ

ಕರ್ನಾಟಕ ಮಾಧ್ಯಮ ಅಕಾಡೆಮಿಯ ಅಧ್ಯಕ್ಷರಿಗೆ,



ಕಲಬುರಗಿಯ ತೊಗರಿಗೆ ನೆಟೆ ರೋಗ ಬಂದಾಗ ನಮ್ಮ ಪತ್ರಿಕೆಗಳಲ್ಲಿ ಸುದ್ದಿಗೆ ಕೊರತೆಯಿರಲಿಲ್ಲ. ಒಣಗಿದ ಗಿಡ ಹಿಡಿದು ನಿಂತ ರೈತರ ಚಿತ್ರ, ಪರಿಹಾರದ ಒತ್ತಾಯ, ಸರ್ಕಾರದ ಭರವಸೆ ಎಲ್ಲವೂ ಅಚ್ಚಾದವು. ಆ ರೋಗದ ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುತ್ತದೆ, ಅದೇ ಹೊಲಕ್ಕೆ ತೊಗರಿ ಮೇಲೆ ತೊಗರಿ ಬಿತ್ತಿದರೆ ಮರಳಿ ಬರುತ್ತದೆ ಎಂಬುದನ್ನು ಬಿಡಿಸಿ ಹೇಳಿದ ವರದಿಗಳು ಮಾತ್ರ ಕಡಿಮೆ. ಇದಕ್ಕೆ ವರದಿಗಾರರನ್ನು ದೂರಲಾರೆ. ಅವರಿಗೆ ಇದನ್ನು ಯಾರೂ ಕಲಿಸಿಲ್ಲ.

ಬೆಳೆ ವಿಮೆಯನ್ನೇ ನೋಡಿ. ಮುಂಗಾರಿನ ಆಹಾರ ಬೆಳೆಗೆ ರೈತ ವಿಮಾ ಮೊತ್ತದ ಶೇ 2ರಷ್ಟು ಕಂತು ಕಟ್ಟುತ್ತಾನೆ. ಆದರೆ ಇಳುವರಿ ನಷ್ಟವನ್ನು ಅವನ ಹೊಲಕ್ಕೆ ಲೆಕ್ಕ ಹಾಕುವುದಿಲ್ಲ. ಮುಖ್ಯ ಬೆಳೆಯಾದರೆ ಇಡೀ ಗ್ರಾಮ ಪಂಚಾಯಿತಿಗೆ, ಉಳಿದ ಬೆಳೆಯಾದರೆ ಹೋಬಳಿಗೆ ಒಂದೇ ಲೆಕ್ಕ. ಆಯ್ದ ಕೆಲವು ಹೊಲಗಳಲ್ಲಿ ಸಣ್ಣ ತಾಕು ಗುರುತಿಸಿ, ಕೊಯ್ದು, ತೂಗಿ ಸರಾಸರಿ ತೆಗೆಯುತ್ತಾರೆ. ಹಿಂದಿನ 7 ವರ್ಷಗಳಲ್ಲಿ ಚೆನ್ನಾಗಿ ಬೆಳೆದ 5 ವರ್ಷಗಳ ಇಳುವರಿ ಆಧರಿಸಿ ಕಟ್ಟಿದ ಮಟ್ಟಕ್ಕೆ ಅದನ್ನು ಹೋಲಿಸುತ್ತಾರೆ. ಬರದ ಮೇಲೆ ಬರ ಬಿದ್ದ ಊರಲ್ಲಿ ಆ ಮಟ್ಟವೇ ಕುಸಿದಿರುತ್ತದೆ. ಹೀಗಾಗಿ ಬೆಳೆ ಪೂರಾ ಹೋದ ರೈತನ ಖಾತೆಗೆ ಒಂದು ರೂಪಾಯಿಯೂ ಬಾರದೇ ಇರುವುದುಂಟು. ಬೆಳೆ ಕಟಾವು ಪ್ರಯೋಗದ ದಿನ ಹೊಲದಲ್ಲಿ ನಿಂತು ನೋಡಿದ ವರದಿಗಾರರು, ತಾಕು ಯಾರು ಆರಿಸಿದರು, ರೈತನಿಗೆ ಮೊದಲೇ ತಿಳಿಸಿದ್ದರೇ, ತೂಕ ಅವನ ಎದುರಿಗೇ ಆಯಿತೇ ಎಂದು ಕೇಳಬಲ್ಲರು. ತಿಂಗಳುಗಳ ನಂತರ ಕಚೇರಿ ಮುಂದಿನ ಧರಣಿಗೆ ಹೋದವರಿಗೆ ಸಿಗುವುದು ಎರಡು ಕಡೆಯ ಹೇಳಿಕೆ ಅಷ್ಟೇ.

ಪಹಣಿ ಓದುವುದನ್ನೂ ಕಲಿಸಬೇಕು. ಲಾವಣಿಗೆ ಹೊಲ ಹಿಡಿದವರ ಹೆಸರು ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕಳೆ ತೆಗೆದು, ಕೊಯ್ದು, ರಾಶಿ ಮಾಡುವ ಎಷ್ಟೋ ಹೆಣ್ಣುಮಕ್ಕಳ ಹೆಸರೂ ಇರುವುದಿಲ್ಲ. ಪರಿಹಾರದ ಪಟ್ಟಿಯಿಂದ ಯಾರು ಹೊರಗೆ ಉಳಿದರು ಎಂಬ ವರದಿ ಅಲ್ಲಿಂದಲೇ ಶುರುವಾಗಬೇಕು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದಲ್ಲಿ 5 ವರ್ಷದೊಳಗಿನ ಮಕ್ಕಳ ಪೈಕಿ ಶೇ 35ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಕಲಬುರಗಿ, ಯಾದಗಿರಿಯ ಸ್ಥಿತಿ ಇನ್ನೂ ಕೆಟ್ಟದು. 2019ರಲ್ಲಿ ತನ್ನ ತೊಗರಿ ಬೇಳೆಗೆ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಜಿಲ್ಲೆ ಕಲಬುರಗಿ! ತೊಗರಿ ಬೆಳೆಯುವ, ತೊಗರಿ ಹೊಲದಲ್ಲಿ ಕೂಲಿ ಮಾಡುವ ಮನೆಗಳ ಮಕ್ಕಳ ತಟ್ಟೆಗೆ ಬೇಳೆ ಎಷ್ಟು ಬೀಳುತ್ತದೆ? ಧಾರಣೆ ಬರೆಯುವವರು ಇದನ್ನು ಕೇಳುವುದಿಲ್ಲ, ಅಪೌಷ್ಟಿಕತೆ ಬರೆಯುವವರು ಹೊಲದ ಕಡೆ ಹೋಗುವುದಿಲ್ಲ. ಅನ್ನಭಾಗ್ಯದ ಹೆಚ್ಚುವರಿ 5 ಕಿಲೊ ಅಕ್ಕಿಯ ಬದಲು ಬೇಳೆ, ಎಣ್ಣೆಗಳಿರುವ ಇಂದಿರಾ ಆಹಾರ ಕಿಟ್ ಕೊಡಲು 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಅಂಥ ಕಿಟ್‌ನ ಬೇಳೆ ಸೇಡಂ, ಚಿಂಚೋಳಿಯ ರೈತರದ್ದೋ, ಮೊಜಾಂಬಿಕ್, ಮ್ಯಾನ್ಮಾರ್‌ಗಳಿಂದ ಆಮದಾದದ್ದೋ ಎಂದು ಹುಡುಕಿದ ವರದಿ ರೈತನ ಧಾರಣೆಯನ್ನೂ ಮಗುವಿನ ಊಟವನ್ನೂ ಒಟ್ಟಿಗೇ ಮುಟ್ಟುತ್ತದೆ.

ಕನ್ನಡಕ್ಕೆ ಇಂಥ ಕೃಷಿ ಬರವಣಿಗೆ ಹೊಸದಲ್ಲ. 1988ರಲ್ಲಿ ಪುತ್ತೂರಿನಲ್ಲಿ ಶುರುವಾದ ಅಡಿಕೆ ಪತ್ರಿಕೆ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಧಾರವಾಡದ ಕೃಷಿ ಮಾಧ್ಯಮ ಕೇಂದ್ರ ಕೃಷಿ ಬರವಣಿಗೆಗೆಂದೇ ತರಬೇತಿ ನಡೆಸಿತು. ಅಲ್ಲಿ ಪಳಗಿದವರನ್ನು ಕರೆಯಿರಿ.

ಎರಡು ದಿನದ ಕಾರ್ಯಾಗಾರ, ಉದ್ಘಾಟನೆ, ಪ್ರಮಾಣಪತ್ರದಿಂದ ವರದಿಗಾರರಿಗೆ ಈ ತರಬೇತಿ ಆಗದು. ಒಂದು ಪೂರ್ತಿ ಹಂಗಾಮು ಬೇಕು. ಬಿತ್ತನೆ ಬೀಜಕ್ಕಾಗಿ ರೈತ ಸಂಪರ್ಕ ಕೇಂದ್ರದೆದುರು ಸರದಿ ನಿಲ್ಲುವ ಜೂನ್‌ನಿಂದ ಆರಂಭವಾಗಲಿ. ಹೂ ಬಿಡುವ ಹೊತ್ತಿಗೆ ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳ ಜೊತೆ ಹೊಲ ಸುತ್ತಲಿ. ಕಟಾವು, ರಾಶಿ, ಎಪಿಎಂಸಿಯ ಟೆಂಡರ್ ದಾಟಿ ನ್ಯಾಯಬೆಲೆ ಅಂಗಡಿ, ಅಂಗನವಾಡಿಯವರೆಗೆ ಬರಲಿ. ತಾಲ್ಲೂಕು, ಹೋಬಳಿಗಳ ಅರೆಕಾಲಿಕ ವರದಿಗಾರರನ್ನೇ ಆರಿಸಿ, ಅರ್ಧದಷ್ಟು ಮಂದಿ ಹೆಣ್ಣುಮಕ್ಕಳಿರಲಿ. ಹಳ್ಳಿಯ ಸುದ್ದಿಯ ಬಹುಪಾಲು ಬರೆಯುವ ಇವರಿಗೆ ಪತ್ರಿಕೆ ಕೊಡುವ ಹಣದಿಂದ ಮನೆ ನಡೆಯದು. ಹೊಲದಲ್ಲಿ ಕಳೆಯುವ ದಿನಗಳಿಗೆ ಅಕಾಡೆಮಿ ಗೌರವಧನ ಕೊಡದಿದ್ದರೆ ಯಾರೂ ಉಳಿಯುವುದಿಲ್ಲ. ಪತ್ರಿಕೆಗಳ ಡೆಸ್ಕಿನವರೂ ಕಟಾವಿನ ದಿನಗಳಲ್ಲಾದರೂ ಜೊತೆಗೆ ಬರಲಿ, ಇಲ್ಲವಾದರೆ ತಿಂಗಳುಗಟ್ಟಲೆ ಓಡಾಡಿ ತಂದ ವರದಿ ಒಂದೇ ಕಾಲಂಗೆ ಇಳಿದುಹೋಗುತ್ತದೆ.

ಬರುವ ಮುಂಗಾರಿಗೆ ಕಲಬುರಗಿಯೊಂದರಲ್ಲೇ ಆರಂಭಿಸಿ. ಏಪ್ರಿಲ್‌ನಲ್ಲೇ ಅರ್ಜಿ ಕರೆದು ಮೇ ಕೊನೆಯೊಳಗೆ ಆಯ್ಕೆ ಮುಗಿಸಬೇಕು. ಬಿತ್ತನೆ ಆದ ಮೇಲೆ ಆದೇಶ ಬಂದರೆ ಇನ್ನೊಂದು ವರ್ಷ ಕಾಯಬೇಕಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಗ್ರಾಮೀಣ ಪತ್ರಕರ್ತ