ಮೊದಲು ಥೀಸಿಸ್, ಆಮೇಲೆ ಕಾದಂಬರಿ?

‘ಬರಿಯೋ ಮನಸಿದ್ರ ಟೈಮ್ ತಾನ ಸಿಗತೈತ್ರಿ.’ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಯಾವ ಸಾಹಿತ್ಯ ಕಾರ್ಯಕ್ರಮಕ್ಕೆ ಹೋದರೂ ವೇದಿಕೆಯಿಂದ ಈ ಮಾತು ಬಂದೇ ಬರುತ್ತದೆ. ಹಿಂದೆಯೇ ಉದಾಹರಣೆ: ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಪ್ರಿನ್ಸಿಪಾಲರಾಗಿ, ಕುಲಪತಿಗಳಾಗಿ ದುಡಿದೂ ಸುಮಾರು 35,000 ಸಾಲುಗಳ ‘ಭಾರತ ಸಿಂಧು ರಶ್ಮಿ’ ಬರೆಯಲಿಲ್ಲವೇ? ಬರೆದರು. ಆದರೆ ಕುಲಪತಿಯ ಕುರ್ಚಿಯೂ, ವರ್ಷವರ್ಷ ಅರ್ಜಿ ಹಾಕಿ ಕಾಯುವ ಅತಿಥಿ ಉಪನ್ಯಾಸಕರ ಕುರ್ಚಿಯೂ ಒಂದೇ ಅಲ್ಲ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳ ಶರೀಫರನ್ನಂತೂ ಯಾರೂ ಬಿಡುವುದಿಲ್ಲ. ಅವರು ಮಾಸ್ತರಿಕೆಯನ್ನೇ ಬಿಟ್ಟರು ಎಂಬುದನ್ನು ಮಾತ್ರ ಹೇಳುವುದಿಲ್ಲ.

ನನಗೆ ಉತ್ತಂಗಿ ಚನ್ನಪ್ಪನವರು ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಹಿರೇಕೆರೂರು ತಾಲ್ಲೂಕಿನ ಅಬಲೂರಿನವನೆಂದು ನಾವು ಹೆಮ್ಮೆಪಡುವ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದವರು ಅವರು. ಬಾಸೆಲ್ ಮಿಷನ್ನಿನ ಪಾದ್ರಿ. ಊರೂರು ತಿರುಗಿ ಜನರೊಡನೆ ಮಾತಾಡುವುದೇ ಅವರ ನೌಕರಿ. ವಚನಗಳು ಇದ್ದದ್ದೂ ಅದೇ ಜನರ ಬಾಯಲ್ಲಿ, ಮನೆಯ ಹಳೆಯ ಕಟ್ಟುಗಳಲ್ಲಿ. ಅವರ ಹಟ ದೊಡ್ಡದು, ಒಪ್ಪುತ್ತೇನೆ. ಹೊಟ್ಟೆಪಾಡಿನ ದಾರಿಯೂ ಬರವಣಿಗೆಯ ದಾರಿಯೂ ಬಹಳ ದೂರ ಜೊತೆಗೇ ಸಾಗಿದ್ದವು ಎಂಬುದನ್ನೂ ಒಪ್ಪಬೇಕಲ್ಲ.

ನಮ್ಮ ಲೆಕ್ಕ ಬೇರೆ. ಯುಜಿಸಿಯ 2022ರ ನಿಯಮ ಪಿಎಚ್.ಡಿ.ಗೆ ಸಾಮಾನ್ಯವಾಗಿ ಆರು ವರ್ಷದ ಮಿತಿ ಹಾಕಿದೆ. ನನ್ನ ಕಾದಂಬರಿಗೆ ಯಾರೂ ಗಡುವು ಕೊಟ್ಟಿಲ್ಲ, ಆದ್ದರಿಂದ ಅದೇ ಪ್ರತಿ ಸಲ ಹಿಂದಕ್ಕೆ ಸರಿಯುತ್ತದೆ. ‘ಮೊದಲು ಥೀಸಿಸ್ ಮುಗಿಸು’ ಎನ್ನುವವರು ಹಿತೈಷಿಗಳೇ. ಥೀಸಿಸ್ ಮುಗಿದ ಮೇಲೆ ಸಂದರ್ಶನ, ನೌಕರಿ, ವರ್ಗಾವಣೆ, ಮನೆಸಾಲ. ಆಗಲೂ ಅವರು ಇದನ್ನೇ ಹೇಳುತ್ತಾರೆ, ‘ಥೀಸಿಸ್’ ಜಾಗದಲ್ಲಿ ಬೇರೆ ಪದ ಹಾಕಿ.

ಇನ್ನು ಬೆಳಗಿನ ನಾಲ್ಕಕ್ಕೇ ಎದ್ದು ಬರೆಯಿರಿ ಎನ್ನುವವರು. (ಇವರಲ್ಲಿ ಹೆಚ್ಚಿನವರ ಮನೆಯಲ್ಲಿ ಆ ಹೊತ್ತಿಗೆ ಚಹಾ ಮಾಡುವವರು ಬೇರೆಯವರೇ.) ಬರವಣಿಗೆ ಕೆಲಸವೆಂದಾದರೆ ಅದಕ್ಕೆ ಕೆಲಸದ ಹೊತ್ತಿನಲ್ಲೇ ಪಾಲು ಸಿಗಬೇಕು, ನಿದ್ದೆಯಲ್ಲಿ ಅಲ್ಲ. ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, ನಾಲ್ಕೂ ತಾಲ್ಲೂಕುಗಳಲ್ಲಿ ಪದವಿ ಕಾಲೇಜುಗಳಿವೆ. ಸಂಶೋಧಕರಿಗೂ ಅತಿಥಿ ಉಪನ್ಯಾಸಕರಿಗೂ ವಾರಕ್ಕೊಂದು ಮಧ್ಯಾಹ್ನ, ಸಂಬಳ ಕಡಿಯದೆ, ಸ್ವಂತ ಬರವಣಿಗೆಗೆ ಬಿಟ್ಟುಕೊಡಲಿ. ಸನ್ಮಾನದ ಶಾಲು, ಹಾರಗಳ ಖರ್ಚಿಗಿಂತ ಇದೇನೂ ಹೆಚ್ಚಾಗದು.

ಅಲ್ಲಿಯವರೆಗೆ ಬುಧವಾರದ ಮಧ್ಯಾಹ್ನವನ್ನು ನಾನು ಥೀಸಿಸ್ಸಿನ ಪಾಲಿನಿಂದಲೇ ತೆಗೆಯುತ್ತಿದ್ದೇನೆ, ಮಾರ್ಗದರ್ಶಕರಿಗೆ ಹೇಳಿಯೇ. ಅವರಿಗೆ ಅಷ್ಟೇನೂ ಹಿಡಿಸಿಲ್ಲ. ಆರನೆಯ ಅಧ್ಯಾಯ ಅರ್ಧ ಆಗಿದೆ.