ಅನ್ನದ ಕೊಪ್ಪರಿಗಿ ಸಾಕು, ಕಕ್ಕಸಿನ ಬಾಗಲ ತೆರೀರಿ

ಅಕ್ಕಾರೇ, ತಂಗೇರೇ, ಚಿಗವ್ವಾರೇ, ಈ ಸಲ ಸಂಡಗಿ, ಹಪ್ಪಳದ ಮಾತಿಲ್ಲ. ಒಂದೀಟು ಜಗಳದ ಮಾತು ಐತಿ. ಓದಿ ಸಿಟ್ಟು ಬಂದರ ಫೋನ್ ಮಾಡಿ ಬೈರಿ, ಆದರ ಪೂರ್ತಿ ಓದಿದ ಮ್ಯಾಲೆ ಬೈರಿ.

ಮೊನ್ನೆ ಸಂಜೀಕ ನಮ್ಮ ಮನಿ ಕಟ್ಟಿ ಮ್ಯಾಲೆ ಗಂಡಸರು ಕುಂತಿದ್ರು. ಮಾಘ ಮಾಸ ಹತ್ರ ಬಂತಲ್ಲ, ಕೊಟ್ಟೂರಜ್ಜನ ತೇರಿಗೆ ನಡಕೊಂಡು ಹೋಗೋ ಮಾತು. ಯಾರು ಬರ್ತಾರ, ಯಾವ ದಿನ ಬಿಡೋದು, ಲಗೇಜ್ ಆಟೋ ಯಾರದು, ಎಲ್ಲಾ ಲೆಕ್ಕ ಆತು. ನಾನು ಚಾ ತಗೊಂಡು ಹೋದಾಗ ನಮ್ಮ ಮೈದುನ ಅಂದ: "ಈ ವರ್ಷ ಹೆಣ್ಮಕ್ಕಳು ಬಸ್ಸಿಗೆ ಬರ್ಲಿ ವೈನಿ. ಹ್ವಾದ ವರ್ಷ ಆಗಿದ್ದು ಸಾಕು. ಮೂರು ದಿನ ನಡಿಯೋದು, ಬಯಲಾಗ ಮಲಗೋದು ಹೆಣ್ಮಕ್ಕಳ ಕೈಲಿ ಆಗೋದಲ್ಲ."

ಹಿಂದೆ ನಿಂತಿದ್ದ ನಮ್ಮ ನೆಗೆಣ್ಣಿ ತಲಿ ತಗ್ಗಿಸಿದಳು. ಹ್ವಾದ ವರ್ಷ ಆಗಿದ್ದು ಅಕಿಗೇನ.

ಆಗಿದ್ದೇನು, ನಾನು ಹೇಳ್ತೀನಿ. ಹಡಗಲಿ ಕಡೆಯ ನಮ್ಮ ಊರಿನಿಂದ ಹರಪನಹಳ್ಳಿ ಮ್ಯಾಲೆ ಹಾಯ್ದು ಕೊಟ್ಟೂರಿಗೆ ಸುಮಾರು 60 ಕಿಲೋಮೀಟರ್. ದಿನಕ್ಕ 20ರಂಗ ಮೂರು ದಿನದ ದಾರಿ, ಎರಡು ರಾತ್ರಿ ಹೊರಗ. ಮೊದಲನೇ ದಿನ ನಸುಕಿನಿಂದ ಮಧ್ಯಾಹ್ನದ ತನಕ ಅಕಿ ಕುಡಿದಿದ್ದು ಒಂದು ಲೋಟ ನೀರು. ಯಾಕ? ಕುಡಿದರ ಒಂದಕ್ಕ ಬರ್ತೈತಿ. ಬಂದರ ಎಲ್ಲಿ ಹೋಗೋದು? ಎರಡೂ ಕಡೆ ಬಯಲು, ಒಂದು ಜಾಲಿ ಗಿಡದ ಮರಿನೂ ಇಲ್ಲ, ರಸ್ತೆ ತುಂಬ ಲಾರಿ. ರಾತ್ರಿ ಒಂದು ಗುಡಿ ಅಂಗಳದಾಗ ಮಲಗಿದ್ವಿ. ಗಂಡಸರು ಬಿದ್ದಕೂಡ್ಲೇ ಗೊರಕಿ ಹೊಡೆದರು. ನಾವು ಐದು ಮಂದಿ ಹೆಣ್ಮಕ್ಕಳು ಊರು ಮಲಗೋದನ್ನ ಕಾಯ್ಕೋತ ಕುಂತಿದ್ವಿ. ಎರಡನೇ ದಿನಾನೂ ಹಂಗ. ಮೂರನೇ ದಿನ ಅಕಿಗೆ ಉರಿಮೂತ್ರ, ನಡುಕ ಹತ್ತಿ ಜ್ವರ. ತೇರು ನೋಡೋ ಹೊತ್ತಿಗೆ ಅಕಿ ಸಲೈನ್ ಹಚ್ಚಿಕೊಂಡು ಮಲಗಿದ್ದಳು. ಡಾಕ್ಟರಮ್ಮ ಮೊದಲು ಕೇಳಿದ ಪ್ರಶ್ನಿ "ಎಷ್ಟು ದೂರ ನಡದ್ರಿ" ಅಂತಲ್ಲ. "ಎಷ್ಟು ನೀರು ಕುಡದ್ರಿ" ಅಂತ.

ಇಷ್ಟು ಆದ ಮ್ಯಾಲೆ ಗಂಡಸರು ಹಚ್ಚಿದ ತೀರ್ಮಾನ: ಹೆಣ್ಮಕ್ಕಳಿಗೆ ತಾಕತ್ತಿಲ್ಲ.

ನಾನು ಹೇಳೋದು: ತಾಕತ್ತಿಗೆ ಏನೂ ಆಗಿಲ್ಲ. ಕಕ್ಕಸು ಇರಲಿಲ್ಲ, ಅಷ್ಟ.

ತಾಕತ್ತಿನ ಮಾತು ನಮಗ ಹೇಳಬ್ಯಾಡ್ರಿ. ಹಡಗಲಿ ಮಲ್ಲಿಗಿ ಅಂತ ಊರೂರಾಗ ಹೆಸರೈತಲ್ಲ, ಆ ಮೊಗ್ಗು ಬಿಡಿಸೋ ಕೈ ಯಾರದು? ಹೊತ್ತು ಮೂಡೋದಕ್ಕಿಂತ ಮುಂಚೆ ತೋಟಕ್ಕ ಹೋಗಿ ನಡ ಬಗ್ಗಿಸಿ ನಿಲ್ಲೋದು ಯಾರು? ಜೋಳದ ಹೊಲದಾಗ ದಿನಾ ಕಳೆ ತಗಿಯೋ ಹೆಣ್ಮಗಳು ಎಷ್ಟು ಸಲ ಸಾಲು ತಿರಗ್ತಾಳ ಅಂತ ಯಾರರ ಅಳದಾರೇನು? ನಮ್ಮತ್ತಿ ಹೇಳ್ತಾರ, ಅವರ ಕಾಲದಾಗ ಭರತ ಹುಣ್ಣಿಮಿಗೆ ಮೈಲಾರಕ್ಕ ಬಂಡಿ ಕಟ್ಟಿಕೊಂಡು ಹೋಗ್ತಿದ್ರಂತ. ಮುದುಕರು, ಕೂಸುಗಳು ಬಂಡಿ ಮ್ಯಾಲೆ, ಸೊಸ್ತೇರು ಬಂಡಿ ಹಿಂದ ನಡಿಗಿ. ಕಾರಣಿಕದ ದಿನ ಗೊರವಯ್ಯ ಬಿಲ್ಲು ಏರಿ ನುಡಿಯೋತನ ಡೆಂಕನ ಮರಡಿ ಸುತ್ತಿನ ಹೊಲದಾಗ ಮೂರು ಕಲ್ಲು ಹೂಡಿ ಅಡಗಿ, ಬಂಡಿ ಕೆಳಗ ನಿದ್ದಿ. ಈಗ ಪ್ಯಾಟಿ ಹುಡುಗ್ರು ಸಾವಿರಾರು ರೂಪಾಯಿ ಡೇರೆ ಕೊಂಡು "ಕ್ಯಾಂಪಿಂಗ್" ಅಂತಾರಲ್ಲ, ಅದನ್ನ ನಮ್ಮ ಅಜ್ಜಿಯರು ಒಂದು ಕೌದಿ, ಒಂದು ಕೊಡದಾಗ ಮುಗಿಸ್ತಿದ್ರು.

ಇನ್ನೊಂದು. ಎಷ್ಟು ಮನಿಗಳ ಗ್ವಾಡಿ ಮ್ಯಾಲೆ ಅಕ್ಕಮಹಾದೇವಿ ಫೋಟೋ ಐತಿ ಎಣಿಸಿ ನೋಡ್ರಿ. 12ನೇ ಶತಮಾನದಾಗ ಉಡುತಡಿಯಿಂದ ಕಲ್ಯಾಣಕ್ಕ, ಕಲ್ಯಾಣದಿಂದ ಶ್ರೀಶೈಲದ ಕಾಡಿಗೆ ಹೋದಾಕಿ. ಅಕಿ ಫೋಟೋಕ್ಕ ದಿನಾ ಊದಿನಕಡ್ಡಿ ಹಚ್ಚಿ, ಮನಿ ಸೊಸಿಗೆ "ಬಸ್ಸಿಗೆ ಬಾ" ಅನ್ನೋದು ಯಾವ ನ್ಯಾಯ?

"ಮುಟ್ಟಾದ್ರ ಏನ್ ಮಾಡ್ತೀರಿ" ಅಂತ ನಮ್ಮ ಓಣಿ ದೊಡ್ಡವ್ವ ಒಬ್ಬರು ಕೇಳಿದ್ರು. ಶರಣರು ಪಂಚಸೂತಕ ಒಪ್ಪಲಿಲ್ಲ ದೊಡ್ಡವ್ವ, ಅದರಾಗ ಮುಟ್ಟಿನ ಸೂತಕಾನೂ ಒಂದು. ಬಟ್ಟಿ ಬದಲು ಮಾಡಾಕ ಒಂದು ಬಾಗಲ, ತೊಳಕೊಳ್ಳಾಕ ಎರಡು ತಂಬಿಗಿ ನೀರು ಬೇಕು. ಅದೂ ಸುತ್ತಿ ಬಂದು ಕಕ್ಕಸಿಗೇ ಬಂತು ನೋಡ್ರಿ.

ದಾವಣಗೆರೆ ಕಡೆಯಿಂದ ಕೊಟ್ಟೂರಿಗೆ ಸಾವಿರಾರು ಮಂದಿ ನಡಿತಾರ. ಆ ದಾರಿಯಾಗ ಹೆಜ್ಜಿ ಹೆಜ್ಜಿಗೆ ದಾಸೋಹ: ಅನ್ನ ಸಾರು, ಉಪ್ಪಿಟ್ಟು, ಮಜ್ಜಿಗಿ, ಬಾಳಿಹಣ್ಣು. ಕೊಟ್ಟವರ ಕೈ ತಣ್ಣಗಿರಲಿ. ನಮ್ಮ ದಾರಿಯಾಗೂ ಈಗೀಗ ಕೊಪ್ಪರಿಗಿ ಇಡ್ತಾರ. ಆದರ ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ತಿನ್ನಾಕ ಕರಿಯೋರು ಸಾಲು ಸಾಲು ಅದಾರ, ತಿಂದಿದ್ದು ಎಲ್ಲಿ ಹೋಗಬೇಕು ಅಂತ ಕೇಳೋರು ಒಬ್ಬರರ ಅದಾರೇನು? ನಾಲ್ಕು ಮಂದಿ ಶಾಮಿಯಾನ ಹಾಕಿ ಮೈಕಿನಾಗ ತಮ್ಮ ಹೆಸರು ಕೂಗಿಸ್ತಾರ. ಅದರ ಅರ್ಧ ಖರ್ಚಿನಾಗ ನಾಲ್ಕು ಗಳ ನೆಟ್ಟು ತಾಡಪಾಲು ಮರಿ ಮಾಡಿ, ಒಂದು ಡ್ರಮ್ ನೀರು ಇಡಬಹುದು. ಮೈಕಿನಾಗ ಕೂಗಿಸಾಕ ಚಂದ ಕಾಣಂಗಿಲ್ಲ, ಅದಕ್ಕ ಯಾರೂ ಮಾಡಂಗಿಲ್ಲ.

ಇದು ಆಗದ ಕೆಲಸ ಅಲ್ಲ. ಮಹಾರಾಷ್ಟ್ರದಾಗ ಆಷಾಢ ಏಕಾದಶಿಗೆ ದೇಹು, ಆಳಂದಿಯಿಂದ ಪಂಢರಪುರಕ್ಕ ಸುಮಾರು ಮೂರು ವಾರ ವಾರಿ ನಡಿಯೋದು ನಿಮಗೂ ಗೊತ್ತು. ತಲಿ ಮ್ಯಾಲೆ ತುಳಸಿ ಕಟ್ಟಿ ಹೊತ್ತು ನಡಿಯೋರು ಹೆಣ್ಮಕ್ಕಳು. ಅಲ್ಲಿ ಯಾರೂ "ಬಸ್ಸಿಗೆ ಬರ್ರಿ" ಅನ್ನಂಗಿಲ್ಲ. ದಿಂಡಿ ಅಂತ ಗುಂಪು ಮಾಡಿಕೊಂಡು, ಇಂಥಾ ದಿನ ಇಂಥಾ ಊರಾಗ ವಸ್ತಿ ಅಂತ ಮೊದಲ ಗೊತ್ತು ಮಾಡಿರ್ತಾರ. ಈಗ ದಾರಿಯಾಗ ಸಂಚಾರಿ ಕಕ್ಕಸೂ ಇಡ್ತಾರ. ಮೂರು ವಾರಕ್ಕ ಆಗೋದು ನಮ್ಮ ಮೂರು ದಿನಕ್ಕ ಆಗಂಗಿಲ್ಲೇನು?

"ದೇವರ ಕೆಲಸಕ್ಕ ಪ್ಲಾನ್ ಯಾತಕ್ಕ, ಅಜ್ಜಯ್ಯ ನೋಡ್ಕೋತಾನ" ಅಂತಾರ. ಅಜ್ಜಯ್ಯ ನೋಡ್ಕೋತಾನ, ಖರೆ. ಆದರ ಲಗೇಜ್ ಆಟೋ ಮಾತಾಡಾಕ, ಚೀಲ ಅಕ್ಕಿ ತರಾಕ ನೀವೇ ಹೋಗ್ತೀರಲ್ಲ? ಅದನ್ಯಾಕ ಅಜ್ಜಯ್ಯಗ ಬಿಡಂಗಿಲ್ಲ? ನಮ್ಮದು ಬಂದಾಗಷ್ಟ ದೇವರ ಮ್ಯಾಲೆ ಭಾರ!

ಅದಕ್ಕ ಈ ಸಲ ಪ್ಲಾನ್ ನಾವೇ ಮಾಡೀವಿ. ನಿಮಗೂ ಉಪಯೋಗ ಆಗಲಿ ಅಂತ ಬರೀತೀನಿ.

ಮೊದಲನೇದು ವಸ್ತಿ. ಕತ್ತಲಾದ ಮ್ಯಾಲೆ "ಎಲ್ಲಿ ಮಲಗೋಣ" ಅಂತ ಹುಡುಕೋದು ಗಂಡಸರ ಪದ್ಧತಿ. ನಾನು ನಮ್ಮ ಮನಿಯವರ ಗಾಡಿ ಮ್ಯಾಲೆ ಹೋಗಿ ಎರಡೂ ಊರು ನೋಡಿಕೊಂಡು ಬಂದೀನಿ. ಸಾಲಿ ಪಡಸಾಲಿ ಆದ್ರ ಹೆಡ್‌ಮಾಸ್ತರನ್ನ ಕೇಳಬೇಕು, ಕಣ ಆದ್ರ ಕಣದವರನ್ನ. ಆದರ ಊರ ಗೌಡನ್ನ ಕೇಳಿ ಹಂಗ ಬರಬ್ಯಾಡ್ರಿ, ಅಲ್ಲಿ ಹೆಣ್ಮಕ್ಕಳನ್ನ ಕೇಳ್ರಿ. "ಅಕ್ಕಾ, ನಾವು 11 ಮಂದಿ ಬರ್ತೀವಿ, ರಾತ್ರಿ, ನಸಿಕಿನಾಗ ನಿಮ್ಮ ಕಕ್ಕಸಿಗೆ ಬಿಡ್ತೀರೇನು?" ಅಂದೆ. ಒಬ್ಬಾಕಿ ನಕ್ಕಳು. "ಊಟಕ್ಕ ಹಾಕ್ರಿ ಅಂದೋರನ್ನ ನೋಡೀನಿ, ಇದನ್ನ ಕೇಳಿದಾಕಿ ನೀನೇ ಮೊದಲು" ಅಂದಳು. ಆಮ್ಯಾಲೆ ಅಕಿನೇ ಬಾಜೂ ಮೂರು ಮನಿಗೆ ಕರಕೊಂಡು ಹೋಗಿ ಮಾತಾಡಿಸಿದಳು.

ಎರಡನೇದು ನೀರು. ತಾಸಿಗೊಮ್ಮೆ ದೊಡ್ಡ ಲೋಟ ಕುಡೀಲೇಬೇಕು, ಒಬ್ಬರನ್ನೊಬ್ಬರು ಕೇಳಬೇಕು. ಮಾಘದಾಗ ನಸುಕು ತಂಪು ಅಂತ ಮೋಸ ಹೋಗಬ್ಯಾಡ್ರಿ, ಹತ್ತು ಗಂಟಿಗೆಲ್ಲ ನಮ್ಮ ಕಡೆ ಬಿಸಲು ಕಡೀತೈತಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಪಾಟಾಗಿ ಆರು ಟೀ ಚಮಚ ಸಕ್ಕರಿ, ಅರ್ಧ ಟೀ ಚಮಚ ಉಪ್ಪು. ಬೆವರು ಸುರಿದಾಗ ಅದನ್ನ ಕುಡೀರಿ.

ಮೂರನೇದು ದಾರಿ ನಡುವಿನ ಮರಿ. ಎರಡು ಹಳೇ ಸೀರಿ, ನಾಲ್ಕು ಗಳ, ಒಂದು ಸಣ್ಣ ಗುದ್ದಲಿ ಆಟೋದಾಗ ಇರ್ತಾವ. ಗಳ ನೆಟ್ಟು ಸೀರಿ ಸುತ್ತಿದರ ಐದು ನಿಮಿಷದ ಕೆಲಸ. ಕೆರಿ, ಹಳ್ಳ, ಬಾವಿಯಿಂದ ನೂರು ಹೆಜ್ಜಿ ದೂರ ಇರಬೇಕು, ಗೇಣುದ್ದ ತಗ್ಗು ತೋಡಿ ಮ್ಯಾಲೆ ಮಣ್ಣು ಎಳೀಬೇಕು. ಪ್ಯಾಡನ್ನ ಹೊಲದಾಗ ಒಗೀಬ್ಯಾಡ್ರಿ, ಕಾಗದದಾಗ ಸುತ್ತಿ ಚೀಲದಾಗ ತರ್ರಿ. ನಮ್ಮ ಹಿಂದ ಹೊಲದವ್ವ ಬೈಬಾರದು.

ನಾಲ್ಕನೇದು ನಡಿಗಿ. ಐದಕ್ಕ ಬಿಟ್ಟು ಹತ್ತಕ್ಕ ನೆರಳು ಹಿಡಿಯೋದು, ಮತ್ತ ನಾಲ್ಕಕ್ಕ ಎದ್ದು ಕತ್ತಲಾಗೋದರಾಗ ವಸ್ತಿ ಮುಟ್ಟೋದು. ರಸ್ತೆ ಬಲಗಡೆ, ಎದುರಿನ ಗಾಡಿ ಕಾಣೋಹಂಗ, ಒಬ್ಬರ ಹಿಂದ ಒಬ್ಬರು. ಬೆನ್ನಿನ ಚೀಲಕ್ಕ ರೇಡಿಯಂ ಪಟ್ಟಿ. ಹೊಸ ಚಪ್ಪಲಿ ಹಾಕಬ್ಯಾಡ್ರಿ, ಬೊಬ್ಬಿ ಏಳ್ತಾವ. ಬುತ್ತಿಗೆ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಬೆಲ್ಲ. ಮೂರು ದಿನಕ್ಕೂ ಕೆಡಂಗಿಲ್ಲ.

ಕೂಡ್ಲಿಗಿ ಕಡೆಯಿಂದ ಬರೋ ಬೀಗರಿಗೆ ಒಂದು ಮಾತು. ಗುಡೇಕೋಟೆ ಸುತ್ತ ಕರಡಿಧಾಮ ಐತಿ, ಕಲ್ಲುಗುಡ್ಡದಾಗ ಕರಡಿ ಇರ್ತಾವ. ಸಂಜಿ, ನಸುಕಿನಾಗ ಅವು ತಿರಗೋ ಹೊತ್ತು. ಗುಡ್ಡದ ಬಾಜೂಕ ವಸ್ತಿ ಮಾಡಬ್ಯಾಡ್ರಿ, ಊರೊಳಗ ಮಲಗ್ರಿ. ಬೆಲ್ಲ, ಹಣ್ಣು ತಲಿದಿಂಬಿಗೆ ಇಟ್ಟುಕೋಬ್ಯಾಡ್ರಿ.

ಇಷ್ಟನ್ನ ಒಂದು ನೋಟ್‌ಬುಕ್ಕಿನಾಗ ಬರದು ಮೈದುನನ ಕೈಯಾಗ ಕೊಟ್ಟೆ. ಓದಿದ. "ಇದೆಲ್ಲ ನಮಗೂ ಬೇಕಾಗಿತ್ತಲ್ಲ ವೈನಿ" ಅಂದ. ಬೇಕಾಗಿತ್ತಪ್ಪ, ಆದರ ಇಷ್ಟು ವರ್ಷ ನಿಮಗ ಬಯಲು ಸಾಕಾಗಿತ್ತು, ಅದಕ್ಕ ನೆನಪಾಗಲಿಲ್ಲ. ನೆಗೆಣ್ಣಿ ಮೊದಲು "ನಾ ಒಲ್ಲೆ" ಅಂದಿದ್ದಳು. ನೋಟ್‌ಬುಕ್ ನೋಡಿದ ಮ್ಯಾಲೆ ನೀರಿನ ಜವಾಬ್ದಾರಿ ತಾನೇ ತಗೊಂಡಾಳ. ಕುಡೀದವರಿಗೆ ಬೈಯೋ ಕೆಲಸಾನೂ ಅಕಿದೇ.

ಈಗ ನಿಮ್ಮ ಪಾಳಿ. ನಮ್ಮಂಥಾ ಮನಿಗಳಾಗ ಈಗ ಕಕ್ಕಸು ಕಟ್ಟಿಸೀವಿ. ಕೆಲವು ಮನಿಯಾಗ ಅದರೊಳಗ ಕಟ್ಟಿಗಿ, ಕುಳ್ಳು ತುಂಬೈತಿ ಅನ್ನೋದೂ ನನಗ ಗೊತ್ತೈತಿ, ನಾಚಿಕಿ ಬ್ಯಾಡ, ಖಾಲಿ ಮಾಡ್ರಿ. ಜಾತ್ರಿ ವಾರದಾಗ ನಿಮ್ಮ ಬಾಗಲ ಮುಂದ ಹಾಯೋ ಹೆಣ್ಮಕ್ಕಳಿಗೆ "ಚಾ ಕುಡೀರಿ" ಅನ್ನೋ ಮುಂಚೆ "ಒಳಗ ಹೋಗಿ ಬರ್ರಿ" ಅನ್ರಿ. ಒಂದು ಕೊಡ ನೀರು, ಒಂದು ಸಾಬಾನು, ಗಟ್ಟಿ ಚಿಲಕ. ಇದರಷ್ಟು ಸಣ್ಣ ದಾಸೋಹ ಇನ್ನೊಂದಿಲ್ಲ.

ಕೊಟ್ಟೂರ ತೇರಿಗಿಂತ ಹತ್ತು ದಿನ ಮೊದಲು ಭರತ ಹುಣ್ಣಿಮಿ ಬರ್ತೈತಿ. ಮೈಲಾರಕ್ಕ ಹೋಗೋರು ನಮ್ಮ ಊರ ಮ್ಯಾಲೇ ಹಾಯ್ತಾರ. ನಮ್ಮ ಕಕ್ಕಸಿನ ಚಿಲಕ ಕೆಟ್ಟು ವರ್ಷ ಆಗಿತ್ತು. ನಿನ್ನೆ ಮೈದುನ ಹೊಸಾದು ತಂದು ಜಡದಾನ.